ಗುದ್ದೂ ಒದೆಯೂ ಸೇರಿದ ಆ ಮಳೆಗಾಲ

ಈ ವರ್ಷ ಕಪಿಲೆ ಉಕ್ಕಿ ಇಳಿದ ಮೇಲೆ ನಂಜನಗೂಡಿಗೆ ಹೋಗಬೇಕಾಯಿತು. ನನ್ನ ಕ್ಲಾಸಿನ ಇಬ್ಬರು ಹುಡುಗಿಯರಿಗೆ ಅಲ್ಲಿ ಪಂದ್ಯವಿತ್ತು. ಬಸ್ ಸ್ಟ್ಯಾಂಡಿನಿಂದ ಹೊಳೆ ಕಡೆಯ ಬೀದಿಗೆ ತಿರುಗುತ್ತಿದ್ದಂತೆ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯಿತು. ನೀರು ನುಗ್ಗಿದ್ದ ಮನೆಗಳ ಮುಂದೆಲ್ಲ ಪೌರಕಾರ್ಮಿಕರು ಪುಡಿ ಎರಚುತ್ತಾ ಹೋಗುತ್ತಿದ್ದರು. ಹುಡುಗಿಯರು ದುಪ್ಪಟ್ಟಾ ಎಳೆದು ಮೂಗು ಮುಚ್ಚಿಕೊಂಡರು. ನನ್ನ ಕೈ ಮೂಗಿಗೆ ಹೋಗಲಿಲ್ಲ, ಎಡ ಪಕ್ಕೆಗೆ ಹೋಯಿತು. "ಏನಾಯ್ತಕ್ಕ?" ಎಂದಳು ಒಬ್ಬಳು. "ಏನಿಲ್ಲ, ನಡಿ" ಎಂದೆ. ಇಂಥದೇ ವಾಸನೆಯಲ್ಲಿ ನಾನು ಒಂದು ಮಳೆಗಾಲದ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ.

ಆಗ ನಾನು ಈ ಊರಿನಲ್ಲೇ ಇದ್ದೆ. ಹಗಲು ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸ, ಸಂಜೆ ಕರಾಟೆ. ಗಂಡ ಮಲ್ಲೇಶ್ ಊರಿಗೆಲ್ಲ ಕರಾಟೆ ಮಾಸ್ಟರು. ಕಾಲೇಜಿನಲ್ಲಿದ್ದಾಗ ಅವರ ಹತ್ತಿರ ಕಲಿಯಲು ಸೇರಿದವಳು ಕೊನೆಗೆ ಅವರನ್ನೇ ಮದುವೆಯಾದೆ. ಕ್ಲಾಸಿನಲ್ಲಿ ಮಾಸ್ಟರ್ ಎನ್ನುತ್ತಿದ್ದೆ, ಮನೆಯಲ್ಲಿ 'ರೀ' ಎನ್ನುತ್ತಿದ್ದೆ. ಎರಡು ಕಡೆಯೂ ಹೇಳುವವರು ಅವರು, ಮಾಡುವವಳು ನಾನು. ನನ್ನ ಸೊಂಟಕ್ಕೆ ಬ್ಲ್ಯಾಕ್ ಬೆಲ್ಟ್ ಕಟ್ಟಿ ಹುಡುಗಿಯರ ಬ್ಯಾಚನ್ನು ನನಗೆ ಬಿಟ್ಟಿದ್ದರು. ನಮಗೆ ಮಕ್ಕಳಾಗಿರಲಿಲ್ಲ. "ಒದೆಯೋದು ಕಲ್ತ ಹೆಣ್ಣಿನ ಹೊಟ್ಟೇಲಿ ಮಗು ನಿಂತದಾ?" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮಲ್ಲೇಶ್ ಅದಕ್ಕೆ ಒಂದು ದಿನವೂ ಎದುರು ಮಾತನಾಡಿದವರಲ್ಲ. ಒದೆಯಲು ಕಲಿಸಿದವರೇ ಅವರು!

ಎಲ್ಲ ಶುರುವಾದದ್ದು ರಶ್ಮಿಯ ಮೂಗಿನಿಂದ. ರಶ್ಮಿ ನನ್ನ ಬ್ಯಾಚಿನ ಹುಡುಗಿ. ತಿ. ನರಸೀಪುರದ ಆಚೆ, ತಲಕಾಡಿನ ರಸ್ತೆಯ ಹಳ್ಳಿಯವಳು, ನಂಜನಗೂಡಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಅವಳಷ್ಟು ಎತ್ತರಕ್ಕೆ, ಅಷ್ಟು ನೇರವಾಗಿ ಒದೆಯುವವರು ನಮ್ಮ ಗಂಡುಹುಡುಗರಲ್ಲೂ ಇರಲಿಲ್ಲ. ಬೇಸಿಗೆಯ ಕೊನೆಗೆ ಮೈಸೂರಿನಲ್ಲಿ ಕಿಕ್ ಬಾಕ್ಸಿಂಗ್ ಪಂದ್ಯ ಇಟ್ಟಿದ್ದರು. ಕರಾಟೆಯವರು, ಬಾಕ್ಸಿಂಗಿನವರು, ಯಾರು ಬೇಕಾದರೂ ಬರಬಹುದು. ಗುದ್ದಬಹುದು, ಒದೆಯಬಹುದು, ಮುಖಕ್ಕೂ ಹೊಡೆಯಬಹುದು. ರಶ್ಮಿಯ ಅಪ್ಪ ಮಾದಪ್ಪ ಬೇಡವೆಂದರೂ ನಾನೇ ಅವರ ಮನೆಗೆ ಹೋಗಿ ಒಪ್ಪಿಸಿ ಬಂದೆ.

ಮೊದಲ ಒದೆ ರಶ್ಮಿಯದೇ. ಎದುರಾಳಿಯ ಎದೆಗೆ ಸರಿಯಾಗಿ ಬಿತ್ತು. ನಾವು ಚಪ್ಪಾಳೆ ತಟ್ಟಿದೆವು. ಒದ್ದವಳು ಕಾಲನ್ನು ಹಿಂದಕ್ಕೆಳೆದು, ನಾವು ಹೇಳಿಕೊಟ್ಟ ಹಾಗೆ ಒಂದು ಕೈಯನ್ನು ಸೊಂಟಕ್ಕೆ ತಂದು ನಿಂತಳು. ಹೊಡೆಯುವ ಕೈ ಮುಂದೆ, ಇನ್ನೊಂದು ಸೊಂಟದಲ್ಲಿ. ನಮ್ಮ ಕ್ಲಾಸಿನ ಮೊದಲ ಪಾಠವೇ ಅದು. ಎದುರಿನ ಹುಡುಗಿ ಆ ತೆರೆದ ಮುಖವನ್ನು ನೋಡಿ ನೇರವಾಗಿ ಒಳಗೆ ನಡೆದು ಬಂದು ಗುದ್ದಿದಳು. ಒಂದಲ್ಲ, ಬೀಳುವ ತನಕ ಗುದ್ದಿದಳು. ಮೂಗಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಆಸ್ಪತ್ರೆಯ ಹೊರಗೆ ಮಾದಪ್ಪ ನನ್ನ ಮುಖ ನೋಡದೆ ಹೇಳಿದರು: "ನಿಮ್ಮ ಮಾತ ಕಟ್ಕಂಡು ಕಳ್ಸ್ದೆ ಕಣವ್ವ. ಈಗ ಈ ಮೂಗ ಇಟ್ಕಂಡ್ರೆ ಇವಳ್ನ ಯಾರ್ ಮದ್ವೆ ಆಯ್ತಾರೆ? ನೀವ್ ಆಯ್ತೀರಾ?"

ಮನೆಗೆ ಬರುವ ದಾರಿಯಲ್ಲಿ ಮಲ್ಲೇಶರನ್ನು ಕೇಳಿದೆ. "ಕೈ ಮುಖದ ಹತ್ರ ಇದ್ದಿದ್ರೆ ಅವಳಿಗೆ ಹಂಗಾಗ್ತಿತ್ತೇನ್ರೀ?"

"ಮುಖಕ್ಕೆ ಹೊಡೆಯೋದು ಕಲೆ ಅಲ್ಲ, ರೌಡಿಸಂ. ಆ ಪಂದ್ಯಕ್ಕೆ ಕರ್ಕೊಂಡು ಹೋಗಿದ್ದೇ ತಪ್ಪು."

"ಬೀದೀಲಿ ಯಾವನಾದ್ರೂ ಅವಳ ಮುಖಕ್ಕೆ ಹೊಡೆದ್ರೆ ಅವನಿಗೂ ಇದನ್ನೇ ಹೇಳ್ಬೇಕಾ?"

ಅವರು ಬೈಕಿನ ವೇಗ ಹೆಚ್ಚಿಸಿದರು.

ಮಳೆ ಆ ವರ್ಷ ಬೇಗ ಹಿಡಿಯಿತು. ಇಲ್ಲಿ ಅಷ್ಟೇನೂ ಸುರಿಯದಿದ್ದರೂ ಕೇರಳದ ಕಡೆ ಸುರಿದು, ಕಬಿನಿ ತುಂಬಿ, ಡ್ಯಾಮಿನಿಂದ ನೀರು ಬಿಟ್ಟರು. ಸ್ನಾನಘಟ್ಟ ಮುಳುಗಿತು, ಹೊಳೆದಂಡೆಯಲ್ಲಿ ನಾವು ಕ್ಲಾಸು ನಡೆಸುತ್ತಿದ್ದ ಮೈದಾನದಲ್ಲಿ ಸೊಂಟದವರೆಗೆ ಕೆಂಪು ನೀರು ನಿಂತಿತು. ಬೇರೆ ಜಾಗವಿಲ್ಲದೆ ಮಲ್ಲೇಶ್ ಒಂದು ಹಳೆಯ ಛತ್ರದ ಮಹಡಿಯ ಹಾಲನ್ನು ಬಾಡಿಗೆಗೆ ಹಿಡಿದರು. ಆದರೆ ಆ ಹಾಲಿನಲ್ಲಿ ಮೊದಲೇ ಸಿದ್ದರಾಜು ಎನ್ನುವವರ ಬಾಕ್ಸಿಂಗ್ ಕ್ಲಾಸು ನಡೆಯುತ್ತಿತ್ತು.

ಸಿದ್ದರಾಜು ಮಿಲಿಟರಿಯಲ್ಲಿದ್ದು ನಿವೃತ್ತರಾಗಿ ಬಂದವರು. ಚಿಕ್ಕಯ್ಯನಛತ್ರ ಎಂಬ ಹಳ್ಳಿಯಿಂದ ದಿನಾ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಒಳ್ಳೆಯ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ನಾವು ಹೋದ ಮೊದಲ ದಿನವೇ ಹಾಲಿನ ನಡುವೆ ಸುಣ್ಣದಲ್ಲಿ ಒಂದು ಗೆರೆ ಎಳೆದರು. "ಇತ್ತಾಗೆ ನಮ್ದು, ಅತ್ತಾಗೆ ನಿಮ್ದು. ನಿಮ್ಮ ಐಕಳು ಕಿರಚ್ಕಂಡು ಗೆರೆ ದಾಟ್ದ್ರೆ ನಾನ್ ಸುಮ್ಕಿರಕಿಲ್ಲ" ಎಂದರು. ಮಲ್ಲೇಶ್ ನಮ್ಮ ಮಕ್ಕಳ ಕಡೆ ತಿರುಗಿ, ಅವರಿಗೂ ಕೇಳುವ ಹಾಗೆ, "ಅಲ್ಲಿ ನಡೆಯೋದನ್ನ ಯಾರೂ ನೋಡ್ಬೇಡಿ. ಕಾಲು ಕಟ್ಟಿ ಹಾಕ್ದಂಗೆ ಬರೀ ಕೈ ಆಡಿಸ್ತಾರೆ" ಎಂದರು. ಅಲ್ಲಿಂದ ಮುಂದೆ ಆ ಹಾಲಿನಲ್ಲಿ ನಮ್ಮ ಕೂಗು ಜೋರಾದರೆ ಬಾಕ್ಸಿಂಗಿನವರು ನೇತುಹಾಕಿದ್ದ ಬ್ಯಾಗಿಗೆ ಗುದ್ದುವ ಸದ್ದು ಜೋರಾಗುತ್ತಿತ್ತು. ಚಪ್ಪಲಿ ಬಿಡುವ ಜಾಗಕ್ಕೂ ಜಗಳವಾಯಿತು.

ನಾನು ಮಾತ್ರ ನೋಡುತ್ತಿದ್ದೆ. ಗೆರೆಯಾಚೆಯ ಹುಡುಗರ ಕೈಗಳು ಕೆನ್ನೆ ಬಿಟ್ಟು ಇಳಿಯುತ್ತಲೇ ಇರಲಿಲ್ಲ. ತಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ವಾರ ನೋಡಿ, ಒಂದು ಸಂಜೆ ಕ್ಲಾಸು ಮುಗಿದ ಮೇಲೆ ಗೆರೆ ದಾಟಿ ಹೋಗಿ ಕೇಳಿದೆ. "ಸಾರ್, ನನಗೂ ಹೇಳಿಕೊಡ್ತೀರಾ?"

ಸಿದ್ದರಾಜು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಲ್ಲಿ ನೋಡವ. ಒಡೆಯಕ್ಕೆ ಎಂಗೆ ನಿಂತೀರಿ ತೋರ್ಸಿ." ನಿಂತೆ. "ಆ ಕೈ ಯಾಕ್ ಸೊಂಟದ ಮೇಲದೆ? ಸೊಂಟ ನೋವಾ?" ಅಲ್ಲಿದ್ದ ಹುಡುಗರೆಲ್ಲ ನಕ್ಕರು. ನಗು ನಿಲ್ಲುವ ತನಕ ಕಾದು, "ಬೆಳಿಗ್ಗೆ ಆರಕ್ಕೆ ಬನ್ನಿ. ಅತ್ಕಂಡ್ ಓದ್ರೆ ಮತ್ತೆ ಬರಂಗಿಲ್ಲ" ಎಂದರು.

ಕದ್ದು ಕಲಿಯುವುದು ನನಗೆ ಬೇಕಿರಲಿಲ್ಲ. ಊಟಕ್ಕೆ ಬಡಿಸುತ್ತಾ ಮಲ್ಲೇಶರಿಗೆ ಹೇಳಿಬಿಟ್ಟೆ. ಅವರು ತುತ್ತನ್ನು ತಟ್ಟೆಗೇ ಹಾಕಿ ಎದ್ದು ಕೈ ತೊಳೆದುಕೊಂಡರು. "ನನ್ನ ಹೆಂಡ್ತಿ ಹೋಗಿ ಅವನ ಮುಂದೆ ಕೈ ಕಟ್ಟಿ ನಿಲ್ತಾಳೆ. ಊರು ಏನಂತದೆ ಗೊತ್ತಾ?" ಎಂದರು. "ಕೈ ಕಟ್ಟಲ್ಲ, ಎತ್ತಿ ನಿಲ್ತೀನಿ" ಎಂದೆ. ಮಾತು ತಪ್ಪಿ ಬಂದದ್ದಲ್ಲ, ಬೇಕೆಂದೇ ಅಂದದ್ದು. ಅವತ್ತಿನಿಂದ ನಾನು ಮಾಡಿದ ಅಡಿಗೆಯನ್ನು ಅವರು ಮುಟ್ಟಲಿಲ್ಲ. ಅವರಿಗಾಗಿ ಅತ್ತೆ ಬೇರೆ ಒಲೆ ಹಚ್ಚಿದರು.

ಬೆಳಿಗ್ಗೆ ಸಿದ್ದರಾಜು ಕೈಗೆ ಹಾಕಿದ ಪ್ಯಾಡಿನಲ್ಲಿ ನನ್ನ ಮುಖಕ್ಕೆ ತಟ್ಟುತ್ತಲೇ ಇರುತ್ತಿದ್ದರು. ಕೈ ಸ್ವಲ್ಪ ಇಳಿದರೆ ಕೆನ್ನೆಗೆ ಛಟೀರ್. ವರ್ಷಗಟ್ಟಲೆ ಸೊಂಟಕ್ಕೆ ಓಡಿ ಕಲಿತಿದ್ದ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಬಾತುಕೊಂಡ ಕೆನ್ನೆಯಲ್ಲೇ ಅಂಗಡಿಗೆ ಹೋಗಿ ಮಾತ್ರೆ ಕೊಡುತ್ತಿದ್ದೆ. ಬಂದ ಹೆಂಗಸರು ಕನಿಕರದಿಂದ ನೋಡಿ, ಮನೆಯಲ್ಲಿ ಏಟು ತಿಂದು ಬಂದಿದ್ದಾಳೆ ಎಂದುಕೊಂಡು ಹೋಗುತ್ತಿದ್ದರು. ಸಂಜೆ ಕರಾಟೆ ಕ್ಲಾಸಿನಲ್ಲಿ ಮಲ್ಲೇಶ್ ನನ್ನನ್ನು ಮುಂದಿನ ಸಾಲಿನಿಂದ ತೆಗೆದು, ಆಗ ತಾನೇ ಸೇರಿದ್ದ ಪುಟ್ಟ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರು. "ಹೊಸದಾಗಿ ಕಲೀತಿರೋರು ಅಲ್ಲೇ ನಿಲ್ಲಬೇಕು." ನಿಂತೆ. ಮಕ್ಕಳು ಪಿಸಿಪಿಸಿ ಮಾತಾಡಿಕೊಂಡವು. ನನ್ನ ಬ್ಯಾಚಿನ ಹುಡುಗಿಯರನ್ನು ಅವರೇ ತೆಗೆದುಕೊಂಡರು.

ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಳ್ಳುವುದೂ ಸುಲಭವಿರಲಿಲ್ಲ. ಕರಾಟೆಯಲ್ಲಿ ಕಾಲು ಅಗಲಿಸಿ ತಗ್ಗಿ ನಿಂತು, ದೂರದಿಂದ ನುಗ್ಗಿ ಒಂದೇ ಏಟಿಗೆ ಮುಗಿಸಬೇಕು. ಬಾಕ್ಸಿಂಗಿನಲ್ಲಿ ಹತ್ತಿರ ಸರಿದು ಒಂದರ ಬೆನ್ನಿಗೊಂದು ಗುದ್ದಬೇಕು. ಬಾಕ್ಸರನ ಹಾಗೆ ನಿಂತರೆ ಒದೆಯಲು ಕಾಲೇ ಏಳುತ್ತಿರಲಿಲ್ಲ, ಕರಾಟೆಯ ಹಾಗೆ ನಿಂತರೆ ಗುದ್ದು ಅರ್ಧದಾರಿಯಲ್ಲೇ ಸಾಯುತ್ತಿತ್ತು. ಎರಡರ ನಡುವೆ ಸಿಕ್ಕಿ ಎರಡೂ ಕೆಟ್ಟವೇನೋ ಎಂದು ಅಂಗಡಿಯಲ್ಲಿ ಕೂತು ಎಷ್ಟೋ ಸಲ ಅನ್ನಿಸಿದ್ದುಂಟು.

ಒಂದು ಬೆಳಿಗ್ಗೆ ಬ್ಯಾಗಿಗೆ ಎಡಗೈ, ಬಲಗೈ ಗುದ್ದಿದಾಗ ಮೈಭಾರವೆಲ್ಲ ಮುಂದಿನ ಎಡಗಾಲಿಗೆ ಬಂದಿತ್ತು. ಹಿಂದಿನ ಬಲಗಾಲು ಹಗುರವಾಗಿ ನಿಂತಿತ್ತು. ಯೋಚನೆಯಿಲ್ಲದೆ ಆ ಕಾಲನ್ನು ಬೀಸಿ ಒದ್ದೆ. ಒದ್ದ ಕಾಲು ಹೋದಷ್ಟೇ ವೇಗದಲ್ಲಿ ಹಿಂದಕ್ಕೆ ಬರಬೇಕೆಂದು ಮಲ್ಲೇಶ್ ಕಲಿಸಿದ್ದರು. ಒಂದು ಕಾಲು ಇನ್ನೊಂದನ್ನು ದಾಟಲೇಬಾರದೆಂದು ಸಿದ್ದರಾಜು ಕಲಿಸಿದ್ದರು. ಅವತ್ತು ಕಾಲು ಹಿಂದಕ್ಕೆ ಬರಲಿಲ್ಲ, ದಾಟಿ ಮುಂದೆಯೇ ಊರಿಕೊಂಡಿತು. ಈಗ ನಾನು ಬ್ಯಾಗಿಗೆ ಒಂದು ಹೆಜ್ಜೆ ಹತ್ತಿರ ಬಂದಿದ್ದೆ, ಎಡಗೈ ಹಿಂದೆ ಉಳಿದು ಪೂರ್ತಿ ಸೊಂಟದ ಬಲ ಕೂಡಿಕೊಂಡಿತ್ತು. ಕೆಳಗಿನಿಂದ ತಿರುಗಿಸಿ ಗುದ್ದಿದೆ. ಬ್ಯಾಗು ನೇತುಹಾಕಿದ್ದ ಸರಪಳಿ ಕಿರ್ರೆಂದಿತು. ಗುದ್ದು ಒದೆಗೆ ದಾರಿ ಮಾಡಿತ್ತು, ಒದೆ ಮುಂದಿನ ಗುದ್ದಿಗೆ ಹೆಜ್ಜೆಯಾಗಿತ್ತು. ಆ ಕ್ಷಣದ ಖುಷಿಯನ್ನು ನಾನು ಯಾರಿಗೂ ವಿವರಿಸಲಾರೆ.

"ಏಯ್!" ಸಿದ್ದರಾಜು ಓಡಿ ಬಂದರು. "ಏನದು? ಕತ್ತೆ ಒದ್ದಂಗೆ ಒದೀತಿರಲ್ಲ! ಇದು ಬಾಕ್ಸಿಂಗ್ ಬ್ಯಾಗು ಕಣಮ್ಮ."

"ಸಾರ್, ಒಂದು ನಿಮಿಷ ನೋಡಿ, ಎರಡೂ ಸೇರ್ತದೆ..."

"ಕಾಯ್ಸಿದ ಆಲಿಗೆ ಉಳಿ ಇಂಡಿದ್ರೂ ಸೇರ್ತದೆ. ಆಮೇಲೆ ಅದು ಆಲಾಗಿದ್ದದಾ? ನಡೀರಿ ಆಚ್ಗೆ. ನಿಮ್ಮ ಯಜಮಾನ್ರ ತಾವೇ ಓಗಿ ಒದ್ಕಳಿ."

ಗ್ಲೋವ್ಸ್ ಬಿಚ್ಚಿಟ್ಟು ಹೊರಗೆ ಬಂದೆ. ಗೆರೆಯ ಎರಡೂ ಕಡೆಗೆ ಬೇಡವಾದವಳು ಮಳೆಯಲ್ಲಿ ನೆನೆಯುತ್ತಾ ಅಂಗಡಿಗೆ ನಡೆದೆ.

ಅದೇ ವಾರ ರಶ್ಮಿ ಅಂಗಡಿಗೆ ಬಂದಳು. ಮೂಗು ಸ್ವಲ್ಪ ಓರೆಯಾಗಿ ಕೂಡಿಕೊಂಡಿತ್ತು. ಕಣ್ಣಲ್ಲಿ ನೀರಿರಲಿಲ್ಲ, ಉರಿ ಇತ್ತು. "ಅಕ್ಕ, ಮಳೆ ನಿಂತ ಮೇಲೆ ಮೈಸೂರಲ್ಲಿ ಮತ್ತೆ ಪಂದ್ಯ ಅದಂತೆ. ಆ ಉಡುಗಿನೂ ಬತ್ತಾಳಂತೆ. ನಂಗೆ ಕಲ್ಸಿ. ಕಲ್ಸದಿದ್ರೆ ನಿಮ್ ಮೇಲೆ ಇರೋ ಕ್ವಾಪ ನಂಗೆ ಸಾಯೋಗಂಟ ಓಗಕಿಲ್ಲ."

ಜಾಗ ಅವಳೇ ಹುಡುಕಿದ್ದಳು. ಅವರ ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಮನೆಯಿತ್ತು. ಒಂದು ಬೆಳೆ ಗೂಡು ಕಟ್ಟಿ ಮಾರಾಟವಾದ ಮೇಲೆ, ರೋಗ ಉಳಿಯದಂತೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಖಾಲಿ ಬಿಟ್ಟಿದ್ದರು. ಅಂಗಡಿಗೆ ರಜೆ ಇದ್ದ ದಿನಗಳಲ್ಲೂ, ಬೇಗ ಬಿಟ್ಟ ಮಧ್ಯಾಹ್ನಗಳಲ್ಲೂ ನಾನು ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಮೂಗು ಉರಿಯುವ ಆ ವಾಸನೆಯಲ್ಲಿ, ಹೊರಗೆ ಹಿಪ್ಪುನೇರಳೆ ತೋಟದ ಮೇಲೆ ಮಳೆ ಬೀಳುತ್ತಿರುವಾಗ, ನಾವಿಬ್ಬರೂ ಹೊಡೆದಾಡಿದೆವು. ಗೋಣಿಚೀಲಕ್ಕೆ ಹೊಟ್ಟು ತುಂಬಿ ತೊಲೆಗೆ ನೇತುಹಾಕಿದ್ದೆವು. ಮಾದಪ್ಪ ಬಾಗಿಲಿನಲ್ಲಿ ನಿಂತು ನೋಡಿ, ನನಗೆ ಒಂದು ಲೋಟ ನೀರನ್ನೂ ಕೊಡದೆ ಹೋಗುತ್ತಿದ್ದರು. ರಶ್ಮಿ ನನಗೆ ಗುದ್ದುವಾಗ ಅಭ್ಯಾಸಕ್ಕೆಂದು ಗುದ್ದುತ್ತಿರಲಿಲ್ಲ. ಮೂಗಿನ ಲೆಕ್ಕ ತೀರಿಸುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ. ನನ್ನ ಕೈ ಕೆನ್ನೆಯ ಹತ್ತಿರ ಉಳಿಯುವುದನ್ನು ಕಲಿತದ್ದು ಅವಳ ಸಿಟ್ಟಿನಿಂದಲೇ.

ಮಲ್ಲೇಶರಿಗೆ ಸುದ್ದಿ ಹೋಗದಿರುತ್ತದೆಯೇ? ಮುಂದಿನ ಬೆಲ್ಟು ಕೊಡುವ ಗ್ರೇಡ್ ಪರೀಕ್ಷೆಯ ಭಾನುವಾರ ಬಂತು. ಮಕ್ಕಳ ತಂದೆತಾಯಿಗಳು ಗೋಡೆಯುದ್ದಕ್ಕೂ ಕುರ್ಚಿ ಹಾಕಿ ಕೂತಿದ್ದರು. ಗೆರೆಯಾಚೆ ಸಿದ್ದರಾಜು ಮತ್ತು ಅವರ ಹುಡುಗರು. ಪರೀಕ್ಷೆ ಮುಗಿದ ಮೇಲೆ ಮಲ್ಲೇಶ್ ನಡುವೆ ನಿಂತು, "ಮಂಜುಳ, ಬಾ ಇಲ್ಲಿ" ಎಂದರು. ಆಮೇಲೆ ಕುರ್ಚಿಗಳ ಕಡೆ ತಿರುಗಿದರು. "ಇವಳು ನನ್ನ ಕ್ಲಾಸಿನ ಮಕ್ಕಳನ್ನ ಹೊರಗಡೆ ಕರ್ಕೊಂಡು ಹೋಗಿ ಏನೋ ಕಲಬೆರಕೆ ಕಲಿಸ್ತಾ ಇದಾಳೆ. ಆ ಕಲಬೆರಕೆ ನನ್ನ ಮುಂದೆ ಎಷ್ಟು ಹೊತ್ತು ತಡೆಯುತ್ತೆ ಅಂತ ಎಲ್ಲರೂ ನೋಡಲಿ."

ಗ್ಲೋವ್ಸ್ ಹಾಕಿಕೊಂಡೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಅವರು ನನಗಿಂತ ಒಂದು ಗೇಣು ಎತ್ತರ, ಮೈಯಲ್ಲಿ ಒಂದೂವರೆಯಷ್ಟು. ಇಬ್ಬರೂ ತಲೆಬಾಗಿ ನಮಸ್ಕರಿಸಿದೆವು.

ಅವರು ನುಗ್ಗಿದ್ದು ನನಗೆ ಕಾಣಿಸಲೇ ಇಲ್ಲ. ಎಡ ಪಕ್ಕೆಗೆ ಗುದ್ದು ಬಿದ್ದಾಗ ಉಸಿರು ನಿಂತಿತು. ಅಭ್ಯಾಸದಲ್ಲಿ ಮುಟ್ಟಿ ನಿಲ್ಲಿಸುವ ಏಟು ಅದಲ್ಲ. ಒಳಗೆ ಹೋಗುವವರೆಗೂ ಹೊಡೆದಿದ್ದರು. ಹೊಡೆದು, ಅಂಕ ಗೆದ್ದವರ ಹಾಗೆ ಹಿಂದೆ ಸರಿದು ಕೈ ಇಳಿಸಿದರು. "ಸಾಕಾ?" ಎಂದರು.

"ಇಲ್ಲ. ನಿಲ್ಲಿಸಬೇಡಿ."

ಮುಂದಿನ ಒದೆಯನ್ನು ಮೊಣಕೈಯಲ್ಲಿ ತೆಗೆದುಕೊಂಡೆ. ತೋಳು ಜೋಮು ಹಿಡಿಯಿತು, ಆದರೆ ಕೈ ಕೆನ್ನೆ ಬಿಡಲಿಲ್ಲ. ಅವರು ಕಾಲನ್ನು ಹಿಂದಕ್ಕೆಳೆದು ಕೈಯನ್ನು ಸೊಂಟಕ್ಕೆ ತಂದರು. ನಾನು ಎಡಗೈ ಚಾಚಿದೆ, ತುಟಿಗೆ ತಾಗಿತು. ಅವರ ಮುಖಕ್ಕೆ ಹಾಗೆ ಯಾರೂ ಹೊಡೆದಿರಲಿಲ್ಲವೇನೋ, ಕಣ್ಣು ಪಿಳಿಪಿಳಿ ಬಿಟ್ಟರು. ಬಲಗೈ ಗುದ್ದಿದೆ. ಹಗುರಾದ ಬಲಗಾಲು ಅವರ ತೊಡೆಗೆ ಬೀಸಿ, ಹಿಂದಕ್ಕೆ ಬರದೆ ಅವರ ಪಕ್ಕದಲ್ಲೇ ಊರಿಕೊಂಡಿತು. ಹಿಂದಿನಿಂದ ಬಂದ ಎಡಗೈ ಅವರ ಬಲ ಪಕ್ಕೆಯ ಕೆಳಗೆ ಬಿತ್ತು.

ಮಲ್ಲೇಶ್ ಒಂದು ಕ್ಷಣ ಹಾಗೇ ನಿಂತಿದ್ದರು. ಆಮೇಲೆ ನಿಧಾನವಾಗಿ ಮಂಡಿಯೂರಿ, ಒಂದು ಕೈ ನೆಲಕ್ಕೆ ಕೊಟ್ಟು ಕೂತುಬಿಟ್ಟರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ತಾಯಿ ತನ್ನ ಮಗಳ ಕಣ್ಣು ಮುಚ್ಚಿದ್ದಳು. ಗೆರೆಯಾಚೆಯಿಂದ ಸಿದ್ದರಾಜು ತಮ್ಮ ಹುಡುಗರಿಗೆ, "ನೋಡಿದ್ದಾಯ್ತಲ್ಲ, ಸ್ಕಿಪ್ಪಿಂಗ್ ಮಾಡ್ರಲಾ" ಎಂದು ಗದರಿದ್ದು ಕೇಳಿಸಿತು. ನಾನು ತಲೆಬಾಗಿ ನಮಸ್ಕರಿಸಿದೆ. ಮಲ್ಲೇಶ್ ಎದ್ದವರು ಬೆನ್ನು ತಿರುಗಿಸಿ ನಡೆದರು. ಮುಗಿದ ಮೇಲೆ ಎದುರಾಳಿಗೆ ನಮಸ್ಕರಿಸದವನು ಕರಾಟೆಯವನೇ ಅಲ್ಲ ಎಂದು ನನಗೆ ಹೇಳಿಕೊಟ್ಟವರು ಅವರು.

ಎಕ್ಸ್‌ರೇಯಲ್ಲಿ ನನ್ನ ಎಡಗಡೆಯ ಒಂದು ಪಕ್ಕೆಲುಬು ಬಿರುಕು ಬಿಟ್ಟಿದ್ದು ಕಂಡಿತು. ಮನೆಯಲ್ಲಿ ಅತ್ತೆ, "ಗಂಡನ್ನ ಊರ ಮುಂದೆ ಕೆಡವಿದ್ಯಲ್ಲ, ಇನ್ನೇನ್ ಬಾಕಿ ಇಟ್ಟಿದ್ದೀಯೆ?" ಎಂದು ಕೇಳಿ ಕೋಣೆ ಸೇರಿದರು. ಮಲ್ಲೇಶ್ ಗೋಡೆ ನೋಡುತ್ತಾ ಕೂತಿದ್ದರು. ತುಟಿ ಊದಿತ್ತು.

"ನಾನು ಕಲಿಸಿದ್ದರಲ್ಲೇ ನನ್ನ ಹೊಡೆದೆ" ಎಂದರು.

"ಇಲ್ಲ. ನೀವು ಕಲಿಸದೆ ಬಿಟ್ಟಿದ್ದರಲ್ಲಿ."

"ನಾಳೆಯಿಂದ ಕ್ಲಾಸಿಗೆ ಬರಬೇಡ. ನರಸೀಪುರಕ್ಕೂ ಹೋಗೋ ಹಂಗಿಲ್ಲ. ಮನೇಲಿ ಇರೋದಾದ್ರೆ ಇರು."

ನಾನು ಮರುದಿನವೇ ನರಸೀಪುರಕ್ಕೆ ಹೋದೆ. ಹೊಡೆದಾಡಲು ಆಗುತ್ತಿರಲಿಲ್ಲ, ಕೂತು ಹೇಳಿಕೊಟ್ಟೆ.

ಮಳೆ ಹಿಂದೆಗೆದ ಮೇಲೆ ಮೈಸೂರಿನಲ್ಲಿ ಪಂದ್ಯ ನಡೆಯಿತು. ರಶ್ಮಿಗೆ ಮೊದಲ ಸುತ್ತಿನಲ್ಲೇ ತನ್ನ ಮೂಗು ಮುರಿದಿದ್ದ ಹುಡುಗಿಯೇ ಎದುರಾದಳು. ಅವಳು ಹಿಂದಿನಂತೆಯೇ ಒಳಗೆ ನಡೆದು ಬಂದಳು. ಈ ಸಲ ಮುಖ ತೆರೆದಿರಲಿಲ್ಲ. ರಶ್ಮಿ ಗುದ್ದಿ, ಒದ್ದು, ಒದ್ದ ಕಾಲಿನ ಮೇಲೇ ಮುಂದೆ ಹೋಗಿ ಮತ್ತೆ ಗುದ್ದಿದಳು. ಆ ಹುಡುಗಿಯ ಕಡೆಯವರು ಸೋಲೊಪ್ಪಿ ಟವೆಲ್ ಎಸೆದರು. ಮುಂದಿನ ಸುತ್ತಿನಲ್ಲಿ ರಶ್ಮಿ ಅಂಕಗಳಲ್ಲಿ ಸೋತಳು. ಇಳಿದು ಬಂದವಳು ನನ್ನನ್ನು ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. "ಇನ್ನ ಕ್ವಾಪ ಇಲ್ಲ ಬುಡಿ ಅಕ್ಕ" ಎಂದಳು ಅಷ್ಟೆ. ಮಾದಪ್ಪ ಗೇಟಿನ ಹತ್ತಿರ ನಿಂತು, ಬೇರೆಲ್ಲೋ ನೋಡುತ್ತಾ ಹೇಳಿದರು: "ಮುಂದ್ಲ ಬೆಳೆಗೆ ರೇಸ್ಮೆ ಉಳಿನ್ ಮನೆ ಬ್ಯಾರೆ ಕಟ್ತೀವ್ನಿ. ಅಳೇದು ಖಾಲಿನೇಯ. ನಮ್ಮೂರ್ ಎಣ್ಮಕ್ಳಿಗೂ ಏಳ್ಕೊಡಂಗಿದ್ರೆ ನೋಡಿ."

ನನ್ನ ಸಾಮಾನು ಎರಡು ಬ್ಯಾಗಿನಲ್ಲಿ ಮುಗಿಯಿತು. ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಹೊರಡುವುದಕ್ಕೆ ಸ್ವಲ್ಪ ಮುಂಚೆ ಮಲ್ಲೇಶ್ ಬಂದು ಕಿಟಕಿಯ ಕೆಳಗೆ ನಿಂತರು. ತಡೆಯಲು ಬಂದರೇನೋ ಎಂದು ಒಂದು ಗಳಿಗೆ ಅಂದುಕೊಂಡೆ. ತಡೆದಿದ್ದರೆ ಇಳಿಯುತ್ತಿದ್ದೆನೋ ಏನೋ, ಇವತ್ತಿಗೂ ಗೊತ್ತಿಲ್ಲ.

"ಬ್ಲ್ಯಾಕ್ ಬೆಲ್ಟ್ ಕೊಡಿ" ಎಂದರು. "ಅದು ನಾನು ಕೊಟ್ಟಿದ್ದು."

ಕೊಡು ಅಲ್ಲ, ಕೊಡಿ. ಪರಿಚಯವಾದ ದಿನದಿಂದ ನನ್ನನ್ನು ಏಕವಚನದಲ್ಲೇ ಮಾತಾಡಿಸಿದ್ದವರು ಮೊದಲ ಸಲ ಬಹುವಚನ ಹಚ್ಚಿದ್ದರು, ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳಿದ ಯಾರೋ ಹೆಂಗಸಿಗೆ ಹಚ್ಚುವ ಹಾಗೆ. ನಾನು ಬ್ಯಾಗಿನ ಜಿಪ್ಪೆಳೆದು, ಬಟ್ಟೆಗಳ ಅಡಿಯಿಂದ ಬೆಲ್ಟು ಹುಡುಕಿ, ಕಿಟಕಿಯ ಸರಳುಗಳ ನಡುವಿನಿಂದ ಕೊಟ್ಟೆ. ಅವರು ಅದನ್ನು ಅಂಗೈಗೆ ಸುತ್ತಿಕೊಂಡರು.

"ಸೊಂಟಕ್ಕೆ ಕಟ್ಟಿದ್ದು ವಾಪಸ್ ತಗೊಂಡ್ರಿ" ಎಂದೆ. "ಕಾಲಲ್ಲಿರೋ ಒದೆನೂ ನೀವೇ ಕೊಟ್ಟಿದ್ದು. ಅದನ್ನ ಹೆಂಗೆ ತಗೋತೀರಿ?"

ಅವರು ಬಾಯಿ ತೆರೆದರು. ಕಂಡಕ್ಟರ್ ರೈಟ್ ಎಂದ.